ಹಿಂದಿನ ಬೆಲ್ಟ್ ಬಕಲ್ ರೀಕಾಲ್: ಪಾರ್ಟ್ ಬರೋತನಕ ಮಕ್ಕಳ ಸೀಟು ಎಲ್ಲಿ ಕಟ್ಟೋದು?

ಸೇಡಂರಸ್ತೆ_ಕೆಎ32 (ಪ್ರಶ್ನೆ)

ಗಾಡಿ 2022ರದ್ದು, ಸೆಕೆಂಡ್ ಹ್ಯಾಂಡ್. ಹಿಂದಿನ ಎಡ ಸೀಟಿನ ಬೆಲ್ಟ್ ಬಕಲ್ ಪೂರ್ತಿ ಲಾಕ್ ಆಗದೇ ಇರಬಹುದು ಅಂತ ಕಂಪನಿ ರೀಕಾಲ್ ಕೊಟ್ಟಿದೆ, ಅಂದ್ರೆ ಗಾಡಿ ಕರೆಸಿ ಆ ಪಾರ್ಟ್ ಬದಲಿಸಿ ಕೊಡ್ತಾರೆ. ಮೆಸೇಜ್ ಹೋಗಿದ್ದು ಮೊದಲಿನ ಮಾಲೀಕರಿಗೆ, ಅವರು ಹೈದರಾಬಾದಿನಿಂದ ಫಾರ್ವರ್ಡ್ ಮಾಡಿದ್ದಾರೆ. ಇಲ್ಲಿ ಕಲಬುರಗಿಯ ಸರ್ವಿಸ್ ಸೆಂಟರಿನವರು ಪಾರ್ಟ್ ಬರಲು ಮೂರು ವಾರ ಬೇಕು ಅಂತಾರೆ. ಜೊತೆಗೆ "ಕ್ಲಿಕ್ ಅಂತದಲ್ರಿ, ಓಡಸ್ರಿ, ಏನಾಗಲ್ಲ" ಅಂತಲೂ ಸೇರಿಸ್ತಾರೆ.

ಹಿಂದೆ ಇಬ್ಬರು ಮಕ್ಕಳು. ಚಿಕ್ಕವನಿಗೆ ಮೂರೂವರೆ ವರ್ಷ, 14 ಕೆ.ಜಿ.; 9–36 ಕೆ.ಜಿ. ಅಂತ ಬರೆದಿರೋ ಸೀಟು, ಗಾಡಿಯ ಬೆಲ್ಟಿನಿಂದಲೇ ಕಟ್ಟೋದು, ಈಗ ಎಡಗಡೆ ಇದೆ. ದೊಡ್ಡವಳಿಗೆ ಆರು ವರ್ಷ, 20 ಕೆ.ಜಿ., 116 ಸೆಂ.ಮೀ.; ಬೆನ್ನಿರೋ ಬೂಸ್ಟರ್ (ಗಾಡಿಯ ಬೆಲ್ಟ್ ಸರಿ ಕೂರೋ ಹಾಗೆ ಮಗುವನ್ನು ಎತ್ತರಿಸೋ ಸೀಟು), ಅದಕ್ಕೆ ಐಸೋಫಿಕ್ಸ್ ಕೊಂಡಿ (ಗಾಡಿಯ ಸೀಟಿನ ಸಂದಿಯ ಉಕ್ಕಿನ ಸರಳಿಗೆ ಸಿಕ್ಕಿಸೋದು) ಇದೆ, ಬಲಗಡೆ ಕೂರ್ತಾಳೆ. ನಡುವಿನ ಸೀಟಿಗೂ ಮೂರು ಪಾಯಿಂಟ್ ಬೆಲ್ಟೇ. ವಾರಕ್ಕೊಮ್ಮೆ ಹುಮನಾಬಾದ್ ಮೇಲೆ ಬೀದರಿಗೆ ಹೋಗಿ ಬರಲೇಬೇಕು.

ಇಬ್ಬರನ್ನೂ ಅದಲು ಬದಲು ಮಾಡಿದ್ರೆ ಹೇಗೆ? ಬೂಸ್ಟರನ್ನು ಎಡಕ್ಕೆ ಹಾಕಿದ್ರೆ ಐಸೋಫಿಕ್ಸ್ ಹಿಡಿದಿರುತ್ತಲ್ಲ. ಎರಡನೇ ಮಾಲೀಕರಿಗೂ ಈ ಕೆಲಸ ಪುಕ್ಕಟೆನಾ? ಇನ್ನೊಂದು, ಚಿಕ್ಕವನ ಸೀಟಿನದೇ ಬಕಲ್ಲಿನ ಕೆಂಪು ಗುಂಡಿ ಭಾರೀ ಗಟ್ಟಿಯಾಗಿದೆ. ಎರಡು ಹನಿ ಎಣ್ಣೆ ಬಿಡಬಹುದಾ?

ಸ್ಪ್ಯಾನರ್_14

ಎಣ್ಣಿ ಮಾತ್ರ ಬಿಡಬ್ಯಾಡ್ರಿ. ಅದಕ್ಕ ಆಮ್ಯಾಲ ಬರ್ತೀನಿ, ಮೊದಲ ಗಾಡಿ ಬಕಲ್ ನೋಡೋಣ.

"ಕ್ಲಿಕ್ ಅಂತದ" ಅನ್ನೋ ಮಾತಿಗಿ ಈ ರೀಕಾಲ್‌ನ್ಯಾಗ ಬೆಲಿ ಇಲ್ರಿ. ಬಕಲ್ ಒಳಗ ಒಂದು ಉಕ್ಕಿನ ಕೊಕ್ಕಿ ಇರ್ತದ. ಬೆಲ್ಟಿನ ಲೋಹದ ನಾಲಿಗಿ ಒಳಗ ಹೋದಾಗ ಅದರ ಕಿಂಡಿಯೊಳಗ ಈ ಕೊಕ್ಕಿ ಬೀಳಬೇಕು. ತೆಳಗಿಂದ ಒಂದು ಸ್ಪ್ರಿಂಗ್ ನಾಲಿಗಿನ್ನ ಹೊರಗ ದಬ್ಬತಿರ್ತದ. ಕೊಕ್ಕಿ ಬೀಳಲಿಲ್ಲಂದ್ರ ಆ ಸ್ಪ್ರಿಂಗ್ ನಾಲಿಗಿನ್ನ ಹೊರಗ ಒಗಿಬೇಕು. ಅರ್ಧ ಹಿಡದು ಅರ್ಧ ಬಿಟ್ಟು ನಿಲ್ಲಬಾರದು. ಯುಎನ್ ಆರ್16 ಅನ್ನೋ ಬೆಲ್ಟ್ ನಿಯಮದಾಗೂ ಇದೇ ಷರತ್ತು ಅದ. ಆದ್ರ ಕೊಕ್ಕಿ ಸ್ವಲ್ಪ ವಾರಿ ಆಗಿದ್ರ, ಇಲ್ಲಾ ಒಳಗ ಕಸ ಕೂತು ಸ್ಪ್ರಿಂಗ್ ದಬ್ಬೋದು ಕಮ್ಮಿ ಆಗಿದ್ರ, ನಾಲಿಗಿ ಬರೇ ತಿಕ್ಕಾಟದ ಮ್ಯಾಲ ನಿಲ್ತದ. ಕೈಲೆ ಎಳದ್ರ ಬರಂಗಿಲ್ಲ. ಕೈಲೆ ಎಷ್ಟು ಎಳಿತೀರಿ, ಇಪ್ಪತ್ತು ಮೂವತ್ತು ಕೆ.ಜಿ. ಜಗ್ಗಾಟ. ಡಿಕ್ಕಿಯಾಗ ಬೀಳೋದು ನೂರಾರು ಕೆ.ಜಿ. ಹಂಗಾಗಿ ಹತ್ತು ಸಲ ಹಾಕಿ ತೆಗದು ನೋಡಿದ್ರೂ ಬಕಲ್ ಕೆಟ್ಟದ ಅಂತ ಗೊತ್ತಾಗಬಹುದು, ಛಲೋ ಅದ ಅಂತ ಗೊತ್ತಾಗಂಗಿಲ್ಲ. ಎಡ ಸೀಟಿನ ಬೆಲ್ಟ್ ಇಲ್ಲ ಅಂತ ತಿಳ್ಕೊಂಡೇ ಮೂರು ವಾರ ಓಡಸ್ರಿ.

ಸ್ಕ್ರೂ ಬಿಚ್ಚಿ ಒಳಗ ನೋಡ್ತೀನಿ ಅನ್ನೋ ಗ್ಯಾರೇಜ್ ಹುಡುಗರು ಸಿಗ್ತಾರ. ಬಕಲ್ ರಿಪೇರಿ ಮಾಡೋ ಸಾಮಾನಲ್ರಿ, ಬದಲು ಮಾಡೋ ಸಾಮಾನು.

ಬಿದ್ರಿ_ಬುತ್ತಿ (ಬೀದರ್)

ಅದಲು ಬದಲು ಮಾಡುವ ಯೋಚನೆ ಬಿಡಿ. ಬಹಳ ಜನ ಎಡವೋದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದವಾಗಿ ಬರೀತೀನಿ.

ಮಕ್ಕಳ ಸೀಟುಗಳಲ್ಲಿ ಮಗುವನ್ನು ಹಿಡಿಯುವ ಪಟ್ಟಿ ಯಾವುದು, ಸೀಟನ್ನು ಹಿಡಿಯುವ ಕೊಂಡಿ ಯಾವುದು ಅಂತ ಬೇರೆ ಬೇರೆ ನೋಡಬೇಕು. ಬೂಸ್ಟರಿನ ಐಸೋಫಿಕ್ಸ್ ಹಿಡಿಯೋದು ಬೂಸ್ಟರನ್ನು ಮಾತ್ರ. ತಿರುವಿನಲ್ಲಿ ಅದು ಸರಿಯದಂತೆ, ಮಗು ಇಳಿದ ಮೇಲೆ ಖಾಲಿ ಬೂಸ್ಟರ್ ಹಾರದಂತೆ. ಅದರ ಮೇಲೆ ಕೂತ 20 ಕೆ.ಜಿ. ಮಗುವನ್ನು ಹಿಡಿಯೋದು ಗಾಡಿಯ ಬೆಲ್ಟ್, ಅಂದರೆ ಅದೇ ಸಂಶಯದ ಬಕಲ್. ಹಾಗಾಗಿ ಬೂಸ್ಟರ್ ಎಡಗಡೆ ಬೇಡವೇ ಬೇಡ.

ಚಿಕ್ಕವನ ಸೀಟಿನ ಕಥೆಯೂ ಅಷ್ಟೇ. 9–36 ಅಂದರೆ ತೂಕದ 1, 2, 3 ಮೂರೂ ಗುಂಪು ಸೇರಿಸಿದ ಸೀಟು. 18 ಕೆ.ಜಿ.ವರೆಗೆ ಮಗುವಿಗೆ ಸೀಟಿನದೇ ಐದು ಪಾಯಿಂಟ್ ಪಟ್ಟಿ ಇದ್ದರೂ, ಇಡೀ ಸೀಟನ್ನು ಗಾಡಿಗೆ ಕಟ್ಟಿರೋದು ಮತ್ತೆ ಆ ಬೆಲ್ಟೇ. ಬಕಲ್ ಬಿಟ್ಟರೆ ಮಗು ಸೀಟಿನ ಸಮೇತ ಮುಂದಕ್ಕೆ ಬರುತ್ತದೆ.

ಎಡಗಡೆ ಇಡಬಹುದಾದ ಸೀಟು ಒಂದೇ ಬಗೆಯದು: ಒಳಗೆ ಐದು ಪಾಯಿಂಟ್ ಪಟ್ಟಿ ಇದ್ದು, ಕೆಳಗೆ ಎರಡು ಐಸೋಫಿಕ್ಸ್ ಕೊಂಡಿ, ಜೊತೆಗೆ ಟೆದರ್ ಪಟ್ಟಿ (ಸೀಟಿನ ಮೇಲ್ಭಾಗವನ್ನು ಗಾಡಿಗೆ ಕಟ್ಟುವಂಥದ್ದು) ಅಥವಾ ನೆಲಕ್ಕೆ ಊರುವ ಕಾಲು ಇರುವಂಥದ್ದು. ಅದರಲ್ಲಿ ಗಾಡಿಯ ಬೆಲ್ಟಿಗೆ ಏನೂ ಕೆಲಸವಿಲ್ಲ. ಮೊದಲು ರೀಕಾಲ್ ಪತ್ರದಲ್ಲಿ ಬಕಲ್ ಒಂದೇ ಇದೆಯಾ, ಐಸೋಫಿಕ್ಸ್ ಸರಳಿನ ಮಾತೂ ಇದೆಯಾ ಓದಿಕೊಳ್ಳಿ. ಬಕಲ್ ಒಂದೇ ಆದರೆ 14 ಕೆ.ಜಿ. ಮಗುವಿಗೆ ಇದೇ ಸರಿಯಾದ ದಾರಿ: ಚಿಕ್ಕವನು ಐಸೋಫಿಕ್ಸ್ ಸೀಟಿನಲ್ಲಿ ಎಡಕ್ಕೆ, ದೊಡ್ಡವಳು ಈಗಿರುವ ಹಾಗೇ ಬಲಕ್ಕೆ.

ಸರಳು ಹುಡುಕೋದು ಹೀಗೆ. ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ ಕೈ ಹಾಕಿದರೆ 6 ಮಿ.ಮೀ. ದಪ್ಪದ ಎರಡು ಉಕ್ಕಿನ ಸರಳು ಸಿಗುತ್ತವೆ, ನಡುವೆ 28 ಸೆಂ.ಮೀ. ಅಂತರ. ನಮ್ಮ ಕಡೆ ಎಲ್ಲ ಗಾಡಿಗೂ ದಪ್ಪ ರೆಕ್ಸಿನ್ ಕವರ್ ಹೊಲಿಸಿರುತ್ತಾರೆ, ಎಷ್ಟೋ ಸಲ ಸರಳು ಅದರ ಕೆಳಗೆ ಹೂತುಹೋಗಿರುತ್ತದೆ. ಕವರಿನ ಮೇಲಿಂದಲೇ ಒತ್ತಿ ಕೂರಿಸಬೇಡಿ, ಕೊಂಡಿ ಅರ್ಧಕ್ಕೆ ನಿಲ್ಲುತ್ತದೆ. ಆ ಜಾಗದಲ್ಲಿ ಕವರ್ ಕತ್ತರಿಸಿ. ಎರಡೂ ಕೊಂಡಿಯ ಗುರುತು ಹಸಿರಾಗಬೇಕು. ಟೆದರ್ ಹಾಕುವ ಕೊಕ್ಕೆ ಹಿಂದಿನ ಸೀಟಿನ ಬೆನ್ನಿನ ಹಿಂಭಾಗದಲ್ಲೋ ಅದರ ಹಿಂದಿನ ಹಲಗೆಯಲ್ಲೋ ಇರುತ್ತದೆ, ಮೇಲೆ ಲಂಗರಿನ ಚಿತ್ರ ಇರುತ್ತದೆ. ಡಿಕ್ಕಿಯ ನೆಲದಲ್ಲಿ ಸಾಮಾನು ಕಟ್ಟುವ ಕೊಕ್ಕೆಯೂ ನೋಡಲು ಹಾಗೇ ಕಾಣುತ್ತದೆ, ಅದಕ್ಕೆ ಟೆದರ್ ಕಟ್ಟಬೇಡಿ.

ಕೂರಿಸಿದ ಮೇಲೆ ಖಾಲಿ ಇರುವ ಎಡಗಡೆ ಬೆಲ್ಟ್ ಮಗುವಿನ ಕೈಗೆ ಸಿಗಬಾರದು. ಪೂರ್ತಿ ಹಿಂದಕ್ಕೆ ಸುತ್ತಿಕೊಳ್ಳಲು ಬಿಡಿ.

ಸೇಡಂರಸ್ತೆ_ಕೆಎ32

ಪತ್ರದಲ್ಲಿ ಬಕಲ್ ಮಾತ್ರ ಇದೆ. ಸರಳು, ಟೆದರ್ ಕೊಕ್ಕೆ ಎರಡೂ ಸಿಕ್ಕವು. ಐಸೋಫಿಕ್ಸ್ ಸೀಟು ಸಂಬಂಧಿಕರ ಮನೆಯಲ್ಲಿ ಒಂದಿದೆ, ಇಸ್ಕೊಂಡು ಬರಬಹುದು. ಅದು ಸಿಗದಿದ್ರೆ ದೊಡ್ಡವಳನ್ನು ನಡುವೆ ಕೂರಿಸೋಣ ಅಂತ ಅಳೆದೆ. ಚಿಕ್ಕವನ ಸೀಟು ಬಲಕ್ಕೆ ಕಟ್ಟಿದ ಮೇಲೆ ನಡುವಿನ ಜಾಗದಲ್ಲಿ ಉಳಿಯೋದು 27 ಸೆಂ.ಮೀ.

ಬಿದ್ರಿ_ಬುತ್ತಿ

27ರಲ್ಲಿ ಆಗಲ್ಲ. ಬೆನ್ನಿರುವ ಬೂಸ್ಟರ್ 44 ಸೆಂ.ಮೀ. ಆಸುಪಾಸು ಅಗಲ ಇರುತ್ತದೆ. ತುರುಕಿದರೆ ಬೂಸ್ಟರಿನ ಅಂಚು ನಡುವಿನ ಬಕಲ್ ಮೇಲೆ ಕೂರುತ್ತದೆ, ಇಲ್ಲವೇ ಪಕ್ಕದ ಬಕಲ್ಲಿನ ಗುಂಡಿಯನ್ನೇ ಒತ್ತುತ್ತದೆ. ಇದು ಬರೀ ಊಹೆಯಲ್ಲ: 2018ರಲ್ಲಿ ಫಿನ್ಲೆಂಡಿನ ಒಂದು ವಾಹನ ಪತ್ರಿಕೆ ಹೊಸ ಫೋಕ್ಸ್‌ವ್ಯಾಗನ್ ಪೋಲೋ, ಸಿಯಾಟ್ ಇಬಿಝಾ, ಅರೋನಾ ಗಾಡಿಗಳ ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ ಜೋರಾಗಿ ಲೇನ್ ಬದಲಿಸಿದಾಗ ಎಡಗಡೆ ಬೆಲ್ಟ್ ತಾನಾಗಿ ಬಿಚ್ಚಿಕೊಂಡಿತು. ನಡುವಿನ ಬಕಲ್ ಪಕ್ಕಕ್ಕೆ ವಾಲಿ ಎಡಗಡೆಯದರ ಗುಂಡಿ ಒತ್ತುತ್ತಿತ್ತು. ಕಂಪನಿ ಬಕಲ್ ಕೂರುವ ಹಿಡಿಕೆಯನ್ನೇ ಬದಲಿಸಬೇಕಾಯಿತು.

ಇಸ್ಕೊಂಡು ತರುವ ಸೀಟಿಗೆ ಮೂರು ವಿಷಯ ನೋಡಿ. ಅಪಘಾತ ಕಂಡ ಗಾಡಿಯಲ್ಲಿ ಇದ್ದದ್ದಾದರೆ ಬೇಡ, ಹೊರಗೆ ಗೀರು ಕಾಣದಿದ್ದರೂ ಬೇಡ. ತಳದಲ್ಲಿ ಪ್ಲಾಸ್ಟಿಕ್ಕಿಗೇ ಒತ್ತಿರುವ ಸಣ್ಣ ಗಡಿಯಾರದಂಥ ಗುರುತಿರುತ್ತದೆ. ಸುತ್ತ 1ರಿಂದ 12, ನಡುವೆ ವರ್ಷದ ಎರಡು ಅಂಕಿ, ಬಾಣ ತೋರಿಸೋದು ಅಚ್ಚು ಹೊಯ್ದ ತಿಂಗಳು. ಕಂಪನಿ ಹೇಳುವ ಆಯುಷ್ಯ ಸಾಮಾನ್ಯವಾಗಿ 6ರಿಂದ 10 ವರ್ಷ. ಮೂರನೆಯದು ಕಿತ್ತಳೆ ಬಣ್ಣದ ಚೀಟಿ. ಮಕ್ಕಳ ಸೀಟಿಗೆ ಆರ್44, ಆರ್129 ಅಂತ ಎರಡು ಯುಎನ್ ಮಾನಕ ಇವೆ. ಆರ್44 ಸೀಟಾದರೆ ಅನುಮೋದನೆ ನಂಬರ್ 04ರಿಂದ ಶುರುವಾಗಬೇಕು, ಆರ್129 ಆದರೆ ತೂಕದ ಬದಲು ಎತ್ತರ ಸೆಂ.ಮೀ.ನಲ್ಲಿ ಬರೆದಿರುತ್ತದೆ. ನಮ್ಮ ದೇಶದ ಮಾನಕ ಎಐಎಸ್-072. ಯಾವ ಚೀಟಿಯೂ ಇಲ್ಲದೆ ಆನ್‌ಲೈನಿನಲ್ಲಿ ಸಾವಿರ ಚಿಲ್ಲರೆಗೆ ಬರುವ, ಬರೀ ಬಟ್ಟೆ ಮತ್ತು ಪಟ್ಟಿಯ 'ಕಾರ್ ಸೀಟ್' ದಿಂಬಿಗೆ ಸಮ.

ಅಮೆರಿಕದಿಂದ ತಂದ ಸೀಟಾದರೆ ಇನ್ನೊಂದು ತೊಡಕು. ಅಲ್ಲಿನ ಗಾಡಿಗಳ ಹಿಂದಿನ ಬೆಲ್ಟ್ ಪೂರ್ತಿ ಎಳೆದರೆ ಕಟಕಟ ಅಂತ ಲಾಕ್ ಆಗುತ್ತಾ ಹಿಂದೆ ಹೋಗುತ್ತದೆ, ಸೀಟು ಬಿಗಿಯಾಗಿ ನಿಲ್ಲುತ್ತದೆ. ಇಲ್ಲಿನ ಬಹುಪಾಲು ಗಾಡಿಗಳ ಬೆಲ್ಟ್ ಜೋರಾಗಿ ಜಗ್ಗಿದಾಗಷ್ಟೇ ಹಿಡಿಯುವಂಥದ್ದು, ಉಳಿದಂತೆ ಸಡಿಲ ಬಿಡುತ್ತಲೇ ಇರುತ್ತದೆ. ಆಗ ಸೀಟಿನಲ್ಲೇ ಬೆಲ್ಟ್ ಕಚ್ಚುವ ಕ್ಲಿಪ್ ಇರಬೇಕು. ಇಲ್ಲದಿದ್ದರೆ ಎಚ್ ಆಕಾರದ ಲೋಹದ ಲಾಕಿಂಗ್ ಕ್ಲಿಪ್ಪನ್ನು ಬಕಲ್ ನಾಲಿಗೆಯಿಂದ ಒಂದು ಇಂಚಿನೊಳಗೆ ಹಾಕಬೇಕು. ಯಾವ ಸೀಟೇ ಆಗಲಿ, ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲುಗಿಸಿದರೆ 2.5 ಸೆಂ.ಮೀ. ಮೀರಿ ಆಡಬಾರದು. ತುದಿ ಹಿಡಿದು ಅಲುಗಿಸಬೇಡಿ, ಅಲ್ಲಿ ಎಲ್ಲವೂ ಆಡುತ್ತದೆ.

ಕಮಲಾಪುರ_ಘಾಟ್

ಇಷ್ಟೆಲ್ಲ ಯಾಕ್ರಿ, ದೊಡ್ಡ ಹುಡುಗಿನ್ನ ಮುಂದಿನ ಸೀಟಿನ್ಯಾಗ ಬೂಸ್ಟರ್ ಹಾಕಿ ಕುಂದ್ರಸ್ರಿ, ಚಿಕ್ಕವಂದು ಬಲಕ್ಕ. ಮೂರು ವಾರದ ಮಾತು.

ಬಿದ್ರಿ_ಬುತ್ತಿ

ಐಸೋಫಿಕ್ಸ್ ಸೀಟು ಸಿಗದೇ ಹೋದರೆ ಅದೊಂದೇ ದಾರಿ, ಒಪ್ಪುತ್ತೇನೆ. ಆದರೆ ಷರತ್ತು ಇದೆ. ಮುಂದಿನ ಸೀಟನ್ನು ಹಳಿಯ ಮೇಲೆ ಪೂರ್ತಿ ಹಿಂದಕ್ಕೆ ತಳ್ಳಬೇಕು, ಬೆನ್ನು ನೆಟ್ಟಗಿರಬೇಕು, ಭುಜದ ಬೆಲ್ಟ್ ಕಾಲರ್ ಎಲುಬಿನ ನಡುವೆ ಹಾಯಬೇಕು, ಹುಡುಗಿ ಮುಂದಕ್ಕೆ ಬಾಗಿ ಡ್ಯಾಶ್‌ಬೋರ್ಡಿಗೆ ಕೈ ಇಡಬಾರದು. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗ ಅದು. ಹಿಂದಕ್ಕೆ ಮುಖ ಮಾಡುವ ಕೂಸಿನ ಸೀಟನ್ನು ಮಾತ್ರ ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿಗೆ ಯಾವ ಷರತ್ತಿನ ಮೇಲೂ ಹಾಕಬಾರದು. ಮಕ್ಕಳಿಗೆ ಹಿಂದಿನ ಸೀಟೇ ಮೊದಲು, ಅದಕ್ಕೇ ಐಸೋಫಿಕ್ಸ್ ಸೀಟು ಇಸ್ಕೊಳ್ಳಿ ಅಂದದ್ದು.

ಜಾಬ್‌ಕಾರ್ಡ್ (ಯಾದಗಿರಿ)

ರೀಕಾಲ್ ಇರೋದು ಗಾಡಿಗೆ, ಮಾಲೀಕರಿಗಲ್ಲ. ಎರಡನೇ, ಮೂರನೇ ಮಾಲೀಕರಾದರೂ ಪುಕ್ಕಟೆ. ಗಾಡಿ ಹೈದರಾಬಾದಿನಲ್ಲಿ ಕೊಂಡಿದ್ದರೂ ಆ ಕಂಪನಿಯ ಯಾವ ಅಧಿಕೃತ ಸರ್ವಿಸ್ ಸೆಂಟರಿನಲ್ಲಾದರೂ ಮಾಡಿಸಬಹುದು. ಕಲಬುರಗಿಯಲ್ಲಿ ಮೂರು ವಾರ ಅಂದರೆ ಬೀದರಿನಲ್ಲೂ ಕೇಳಿ, ಹೇಗೂ ವಾರಕ್ಕೊಮ್ಮೆ ಹೋಗ್ತೀರಿ.

ಮೊದಲು ಕಂಪನಿ ಜಾಲತಾಣದಲ್ಲಿ 17 ಅಕ್ಷರದ ಚಾಸಿ ನಂಬರ್ ಹಾಕಿ ನೀವೇ ನೋಡಿ. ಆರ್‌ಸಿಯಲ್ಲಿ ಇರೋದೇ ಅದು. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರ ಬರೋದೇ ಇಲ್ಲ. ಹಾಗೆ ಕಂಡದ್ದು ಒಂದು ಮತ್ತು ಸೊನ್ನೆ. ಸೊನ್ನೆ ಬದಲು ಓ ಹಾಕಿ 'ನಿಮ್ಮ ಗಾಡಿ ಪಟ್ಟಿಯಲ್ಲಿಲ್ಲ' ಅಂತ ಬಂದದ್ದನ್ನೇ ನಂಬಿ ಸುಮ್ಮನಾಗುವವರು ಬಹಳ. ಮಾಡೆಲ್ ಮತ್ತು ವರ್ಷ ನೋಡಿ ತೀರ್ಮಾನಿಸೋದೂ ತಪ್ಪು. ಮಾರುತಿ ಸುಜುಕಿ 2022ರ ಡಿಸೆಂಬರಿನಲ್ಲಿ ಸಿಯಾಜ್, ಬ್ರೆಝಾ, ಎರ್ಟಿಗಾ, ಎಕ್ಸ್‌ಎಲ್6, ಗ್ರ್ಯಾಂಡ್ ವಿಟಾರಾ ಸೇರಿ 9,125 ಗಾಡಿ ಹಿಂದಕ್ಕೆ ಕರೆದಾಗ ಅವೆಲ್ಲ ಆ ವರ್ಷದ ನವೆಂಬರ್ 2ರಿಂದ 28ರೊಳಗೆ ತಯಾರಾದವು. ಮುಂದಿನ ಬೆಲ್ಟಿನ ಭುಜದ ಎತ್ತರ ಹೊಂದಿಸುವ ಭಾಗದಲ್ಲಿ ದೋಷವಿರಬಹುದು ಅಂತ. ಮರುತಿಂಗಳೇ 11,177 ಗ್ರ್ಯಾಂಡ್ ವಿಟಾರಾ ಹಿಂದಿನ ಬೆಲ್ಟಿನ ಬ್ರಾಕೆಟ್ ಸಡಿಲವಾಗಬಹುದು ಅಂತ ಕರೆಸಿಕೊಂಡರು. ಅದೇ ಜನವರಿಯಲ್ಲಿ ಇನ್ನೂ 17,362 ಗಾಡಿ ಏರ್‌ಬ್ಯಾಗ್ ಕಂಟ್ರೋಲರಿಗೆ. ಅದು ಕೆಟ್ಟರೆ ಬೆಲ್ಟಿನ ಪ್ರಿಟೆನ್ಷನರೂ (ಅಪಘಾತದ ಕ್ಷಣದಲ್ಲಿ ಬೆಲ್ಟ್ ಬಿಗಿ ಎಳೆಯುವ ಭಾಗ) ಕೆಲಸ ಮಾಡದು. ಭಾಗ ಬದಲಾಗುವವರೆಗೆ ಗಾಡಿ ಓಡಿಸಬೇಡಿ ಅಂತಲೇ ಆಗ ಹೇಳಿದ್ದರು. ಹಾಗಾಗಿ ನಿಮ್ಮ ಪತ್ರದಲ್ಲೂ 'ಓಡಿಸಬೇಡಿ' ಅನ್ನೋ ಸಾಲು ಇದೆಯಾ, 'ಆ ಸೀಟು ಬಳಸಬೇಡಿ' ಅಂತ ಇದೆಯಾ, ಒಂದೊಂದು ಪದ ಓದಿ. ಕೌಂಟರಿನವರ ಬಾಯಿಮಾತಿಗಿಂತ ಅದು ದೊಡ್ಡದು.

ಕೌಂಟರಿನಲ್ಲಿ ಮಾಡಬೇಕಾದ್ದು: ನಿಮ್ಮ ಹೆಸರು, ಮೊಬೈಲ್ ನಂಬರನ್ನು ಕಂಪನಿಯ ದಾಖಲೆಯಲ್ಲಿ ಬದಲಿಸಿಕೊಳ್ಳಿ, ಮುಂದಿನ ಮೆಸೇಜ್ ನೇರ ನಿಮಗೇ ಬರಲಿ. ಪಾರ್ಟಿಗೆ ಆರ್ಡರ್ ಹಾಕಿದ ದಿನಾಂಕ ಬರೆಸಿ ತಗೊಳ್ಳಿ. ಬಾಯಲ್ಲಿ ಮೂರು ವಾರ ಅಂದದ್ದು ಎಷ್ಟೋ ಸಲ ಆರ್ಡರ್ ಹಾಕದೇ ಹೇಳಿದ್ದಾಗಿರುತ್ತದೆ. ಕೆಲಸ ಆದ ದಿನ ಜಾಬ್ ಕಾರ್ಡಿನಲ್ಲಿ ರೀಕಾಲ್ ಕೋಡ್, ಹೊಸ ಪಾರ್ಟ್ ನಂಬರ್, ಮೊತ್ತ ಸೊನ್ನೆ, ಈ ಮೂರೂ ಇರಬೇಕು. 'ವಾಷಿಂಗ್, ಚೆಕಿಂಗ್' ಅಂತ ಸೇರಿಸಿದ್ದರೆ ಹೊಡೆಸಿ ಹಾಕಿ.

ಕಾನೂನಿನ ಬೆಂಬಲವೂ ಇದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೆಕ್ಷನ್ 110ಎ ಸೇರಿತು, ದೋಷದ ಗಾಡಿಗಳನ್ನು ಕರೆಸಿಕೊಳ್ಳಿ ಅಂತ ಕೇಂದ್ರ ಸರ್ಕಾರ ಕಂಪನಿಗೆ ಆದೇಶಿಸಬಹುದು. ಅದರ ನಿಯಮಗಳು 2021ರ ಏಪ್ರಿಲಿನಿಂದ ಜಾರಿಯಲ್ಲಿವೆ, ತಯಾರಾಗಿ 7 ವರ್ಷದೊಳಗಿನ ಗಾಡಿಗಳಿಗೆ ಅನ್ವಯ. ಸರ್ವಿಸ್ ಸೆಂಟರ್ ಸತಾಯಿಸಿದರೆ ಮೊದಲು ಕಂಪನಿಯ ಗ್ರಾಹಕ ವಿಭಾಗಕ್ಕೆ ಬರಹದಲ್ಲಿ, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಷ್ಟರಲ್ಲೇ ಮುಗಿಯುತ್ತದೆ, ಜಿಲ್ಲಾ ಗ್ರಾಹಕ ಆಯೋಗದತನಕ ಹೋಗೋದು ಅಪರೂಪ.

ಅದೇ ತಿದ್ದುಪಡಿಯ 194ಬಿ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದೆ ಕೂರಿಸಿದರೂ ದಂಡ. ಬಕಲ್ ರೀಕಾಲಿನಲ್ಲಿದೆ ಅನ್ನೋದು ಪೊಲೀಸರ ಮುಂದೆ ಉತ್ತರವಾಗಲ್ಲ.

ಸ್ಪ್ಯಾನರ್_14

ಪಾರ್ಟ್ ಬಂದ ದಿನ ಬಾಜೂಕ ನಿಂತು ನೋಡ್ರಿ, ತಾಸಿನೊಳಗಿನ ಕೆಲಸ. ಹಿಂದಿನ ಸೀಟಿನ ಕೂಡೋ ಭಾಗ ಎತ್ತಿ, ಬಕಲ್ ತೆಳಗಿನ ಬೋಲ್ಟ್ ತೆಗೀತಾರ. ಬೆಲ್ಟ್ ಬೋಲ್ಟುಗಳು ಬಹಳ ಗಾಡಿಯಾಗ 7/16 ಇಂಚಿನ ಸಣ್ಣ ಹಲ್ಲಿನವು. ಬೋಲ್ಟ್ ತಿರುಗಿಸೋ ಗನ್ ಹಚ್ಚಿ ಸೀದಾ ಹೊಡದ್ರ ಹಲ್ಲು ವಾರಿ ಕೂಡ್ತಾವ. ಬಿಗಿ ಆದಂಗ ಅನಿಸ್ತದ, ಖರೇ ಅಂದ್ರ ಬೋಲ್ಟ್ ಪೂರಾ ತೆಳಗ ಇಳದಿರಂಗಿಲ್ಲ. ಮೊದಲ ಮೂರು ನಾಕು ಸುತ್ತು ಕೈಲೆ ಹಾಕಬೇಕು, ಆಮ್ಯಾಲ ಬಿಗಿ ಎಷ್ಟು ಅಂತ ಅಳಿಯೋ ಟಾರ್ಕ್ ವ್ರೆಂಚ್. ಅಂಕಿ ಕಂಪನಿ ಪುಸ್ತಕದಾಗ ಇರೋದೇ ಖರೆ. ಬಹಳ ಗಾಡಿಗಿ 40 ನ್ಯೂಟನ್ ಮೀಟರ್ ಆಸುಪಾಸು. ಸೀಟ್ ಮುಚ್ಚೋವಾಗ ಎರಡೂ ಬಕಲ್ ತಮ್ಮ ತಮ್ಮ ಕಿಂಡಿಯಿಂದ ಮ್ಯಾಲ ಬಂದಾವೇನು ನೋಡ್ರಿ. ನಿಮ್ಮ ರೆಕ್ಸಿನ್ ಕವರ್ ತೆಳಗ ಒಂದು ಹೂತು ಉಳೀತದ, ಇಲ್ಲಾ ನಡುವಿಂದು ಎಡಕ್ಕ, ಎಡದ್ದು ನಡುವ ಬರ್ತದ. ಆಮ್ಯಾಲ ನಾಲಿಗಿ ಹಾಕಿ ಜಗ್ಗಿ ನೋಡ್ರಿ, ಗುಂಡಿ ಒತ್ತಿದ ಕೂಡಲೇ ಪಟ್ ಅಂತ ಹೊರಗ ಹಾರಬೇಕು. ಬೆಲ್ಟ್ ಬೀಪ್ ಇರೋ ಗಾಡಿ ಆದ್ರ ತೆಳಗಿನ ವೈರಿನ ಕನೆಕ್ಟರ್ ಹಾಕ್ಯಾರೇನು ಅಂತ ಡ್ಯಾಶ್‌ಬೋರ್ಡ್ ದೀಪ ಹೇಳ್ತದ.

ಸುತ್ತೋ ಪೆಟ್ಟಿಗಿ ಅಂದ್ರ ರಿಟ್ರ್ಯಾಕ್ಟರ್ ಬಿಚ್ಚಾಕತ್ರ ಮಾತ್ರ ಕೇಳ್ರಿ, ಯಾಕ ಅಂತ. ಬಕಲ್ ಕೆಲಸಕ್ಕ ಅದನ್ನ ಮುಟ್ಟೋ ಅಗತ್ಯ ಇಲ್ಲ. ಒಳಗ ಬಟ್ಟಲಿನ್ಯಾಗ ಒಂದು ಗುಂಡು ಇರ್ತದ, ಪೆಟ್ಟಿಗಿ ವಾರಿ ಹಿಡದ್ರ ಗುಂಡು ಸರದು ಬೆಲ್ಟ್ ಲಾಕ್ ಆಗ್ತದ. ಅದನ್ನ 'ಜಾಮ್ ಆಗ್ಯದ' ಅಂತ ತಿಳದು ಬಡಿಯೋರು ಅದಾರ. ಮುಂದಿನ ಸೀಟಿನ ಪೆಟ್ಟಿಗಿಯೊಳಗಂತೂ ಪ್ರಿಟೆನ್ಷನರಿನ ಮದ್ದು ಇರ್ತದ, ಹಳದಿ ಕನೆಕ್ಟರ್ ಕಂಡಲ್ಲಿ ಕೈ ಇಡಬ್ಯಾಡ್ರಿ.

ಈಗ ನಿಮ್ಮ ಎಣ್ಣಿ ಮಾತು. ಮಕ್ಕಳ ಸೀಟಿನ ಬಕಲ್ ಗಟ್ಟಿ ಆಗೋದು ಬಿಸ್ಕಿಟ್ ಪುಡಿ, ಹಾಲು, ಜ್ಯೂಸಿನಿಂದ. ಅಮೆರಿಕಾದಾಗ 2014ರೊಳಗ ಗ್ರ್ಯಾಕೋ ಕಂಪನಿ 60 ಲಕ್ಷದ ಆಸುಪಾಸು ಸೀಟುಗಳ ಬಕಲ್ ಇದೇ ಕಾರಣಕ್ಕ ಬದಲು ಮಾಡಬೇಕಾತು, ಅವಸರಕ್ಕ ಕೂಸಿನ್ನ ಹೊರಗ ತೆಗೀಲಿಕ್ಕಿ ಬರಂಗಿಲ್ಲ ಅಂತ. ಎಣ್ಣಿ, ಸ್ಪ್ರೇ ಬಿಟ್ರ ನಮ್ಮ ಕಡಿ ಧೂಳಿಗಿ ಎರಡೇ ದಿನದಾಗ ಅರಲು ಆಗ್ತದ. ಸೀಟ್ ತೆಳಗಿಂದ ಲೋಹದ ಪಟ್ಟಿ ಅಡ್ಡ ತಿರುಗಿಸಿ ಬಕಲ್ ಹೊರಗ ತೆಗೀರಿ, ಅದರ ಪುಸ್ತಕದಾಗ ಚಿತ್ರ ಇರ್ತದ. ಒಂದು ಲೋಟ ಬೆಚ್ಚನ್ನ ನೀರಾಗ ಬಕಲ್ ಅಷ್ಟೇ ಮುಳುಗಿಸಿ ಗುಂಡಿ ಹತ್ತಿಪ್ಪತ್ತು ಸಲ ಒತ್ರಿ, ನೀರು ಬದಲು ಮಾಡಿ ಇನ್ನೊಮ್ಮೆ. ಸಾಬೂನು ಬ್ಯಾಡ, ಪಟ್ಟಿ ತೋಯಿಸಬ್ಯಾಡ್ರಿ. ಬೋರಲು ಹಾಕಿ ನೆರಳಾಗ ಒಣಗಸ್ರಿ. ಆಮ್ಯಾಲೂ ಗಟ್ಟಿ ಇದ್ರ ಸೀಟ್ ಕಂಪನಿಗೇ ಬರದು ಬಕಲ್ ತರಸ್ರಿ.

ಕಮಲಾಪುರ_ಘಾಟ್

ಬಿಸಿಲಿಗಿ ಬಕಲ್ ಪ್ಲಾಸ್ಟಿಕ್ ಹಾಳಾಗ್ತದಂತ, ಖರೇನಾ?

ಸ್ಪ್ಯಾನರ್_14

ಖರೇ. 1995ರಾಗ ಅಮೆರಿಕಾದಾಗ ಟಕಾಟಾ ಬೆಲ್ಟ್ ಇದ್ದ 80 ಲಕ್ಷಕ್ಕಿಂತ ಹೆಚ್ಚು ಗಾಡಿ ರೀಕಾಲ್ ಆದದ್ದು ಅದಕ್ಕೇ. ಬಿಸಿಲಿಗಿ ಕೆಂಪು ಗುಂಡಿ ಪ್ಲಾಸ್ಟಿಕ್ ಪುಡಿ ಆಗಿ, ಚೂರು ಬಕಲ್ ಒಳಗ ಬಿದ್ದು ಲಾಕ್ ಆಗೋದು ನಿಲ್ತಿತ್ತು. ಇಲ್ಲಿ ಬ್ಯಾಸಗಿ 43–44 ಡಿಗ್ರಿ ಹತ್ತತದ, ಮುಚ್ಚಿದ ಗಾಡಿಯೊಳಗ ಇನ್ನೂ ಹೆಚ್ಚು. ನೆರಳು ಸಿಗಲಿಲ್ಲಂದ್ರ ಬಕಲ್ ಮ್ಯಾಲ ಬಿಳಿ ಅರಿವಿ ಹೊಚ್ರಿ. ಮಗು ಕುಂದ್ರೋವಾಗ ಅರಿವಿ ತೆಗೀಬೇಕು, ಬೆನ್ನ ಹಿಂದ, ಪಟ್ಟಿ ತೆಳಗ ಉಳಿದ್ರ ಅಷ್ಟು ಸಡಿಲ ಬೀಳ್ತದ. ಭುಜದ ಮ್ಯಾಲ ಪಟ್ಟಿ ಎರಡು ಬೆರಳಿಲೆ ಚಿವುಟಿ ನೋಡ್ರಿ, ಮಡಿಕಿ ಸಿಕ್ತಂದ್ರ ಇನ್ನೂ ಎಳೀಬೇಕು.

ಸೇಡಂರಸ್ತೆ_ಕೆಎ32

ಐಸೋಫಿಕ್ಸ್ ಸೀಟು ತಂದು ಎಡಕ್ಕೆ ಕೂರಿಸಿದೆ. ಅಪಘಾತ ಕಂಡಿಲ್ಲ, ತಳದ ಗುರುತಿನಲ್ಲಿ 21, ಬಾಣ 8ರ ಕಡೆ. ಕವರ್ ಕತ್ತರಿಸಿದ ಮೇಲೆಯೇ ಎರಡನೇ ಗುರುತು ಹಸಿರಾಯ್ತು. ಆದ್ರೆ ಸೀಟಿನ ಭಾರಕ್ಕೆ ಬೆಲ್ಟ್ ಬೀಪ್ ಹೊಡೀತಾನೇ ಇದೆ. ಅಂಗಡಿಯವರು ಬೀಪ್ ನಿಲ್ಲಿಸೋ ಕ್ಲಿಪ್ ಕೊಡ್ತೀನಿ ಅಂತಾರೆ.

ಜಾಬ್‌ಕಾರ್ಡ್

ಆ ಕ್ಲಿಪ್ ಬೇಡ. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ ಅದನ್ನು ಆನ್‌ಲೈನ್ ಮಾರಾಟದಿಂದ ತೆಗೆಸಿದೆ. ಒಮ್ಮೆ ಬಕಲ್ಲಿನಲ್ಲಿ ಕೂತರೆ ನಾಳೆ ದೊಡ್ಡವರು ಕೂತಾಗಲೂ ಅಲ್ಲೇ ಇರುತ್ತದೆ. ಮಕ್ಕಳ ಸೀಟು ತೆಗೆದು, ಗಾಡಿಯ ಬೆಲ್ಟನ್ನು ಮೊದಲು ಅದರ ಬಕಲ್ಲಿಗೇ ಹಾಕಿ, ಪಟ್ಟಿ ಬೆನ್ನಿಗೆ ಚಪ್ಪಟೆಯಾಗಿ ಕೂರುವಂತೆ ಮಾಡಿ, ಅದರ ಮುಂದೆ ಸೀಟು ಕೂರಿಸಿ. ಸೀಟಿನ ಕೈಪಿಡಿ ಬೇಡ ಅನ್ನದಿದ್ದರೆ ಸಾಕು. ಇಲ್ಲಿ ಬಕಲ್ ಯಾರನ್ನೂ ಹಿಡಿಯಬೇಕಿಲ್ಲ, ಬೀಪ್ ನಿಲ್ಲಿಸಿದರಾಯ್ತು. ಕೊಂಡಿಯ ಹಸಿರು ಗುರುತನ್ನು ಮತ್ತೊಮ್ಮೆ ನೋಡಿಕೊಂಡು ಹೊರಡಿ.